ಅಂಗಿಯ ಚೀಟಿಗೊಂದು ವ್ಯಾಖ್ಯಾನ

ಕೈಮಗ್ಗದ ಅಂಗಿಯ ಕೊರಳಪಟ್ಟಿಯ ಹಿಂದೆಯೋ ಪಕ್ಕದ ಹೊಲಿಗೆಯಲ್ಲೋ ಒಂದು ಚೀಟಿ ಇರುತ್ತದೆ. ಕೊಳ್ಳುವಾಗ ಅದನ್ನು ಓದುವವರು ಕಡಿಮೆ. ಕಾವ್ಯಕ್ಕೂ ಸೂತ್ರಕ್ಕೂ ವ್ಯಾಖ್ಯಾನ ಬರೆದವರು ಬೇಕಾದಷ್ಟು ಜನ. ಅಂಗಿಯ ಚೀಟಿಗೆ ಬರೆದವರನ್ನು ಕಾಣೆ. ಗಾಜನೂರಿನಲ್ಲಿದ್ದುಕೊಂಡು, ತೀರ್ಥಹಳ್ಳಿ ಕಡೆಯಿಂದ ಬರುವ ಬಸ್ಸು ಹತ್ತಿ, ಶಿವಮೊಗ್ಗದ ಗಾಂಧಿ ಬಜಾರ್, ನೆಹರೂ ರಸ್ತೆ, ದುರ್ಗಿಗುಡಿ ಸುತ್ತಿ ಬಟ್ಟೆ ತರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮದುವೆ ಮನೆಯಲ್ಲಿ ಇನ್ನಿಬ್ಬರ ಮೈಮೇಲೂ ಇರುವ ಅಂಗಿ ಬೇಡ, ಬಟ್ಟೆ ಬಾಳಿಕೆ ಬರಬೇಕು, ಆದರೆ ಬೆಂಗಳೂರಿನ ಗಾಜಿನ ಮಳಿಗೆಯ ಬೆಲೆ ನಮ್ಮ ಕೈಗೆ ಎಟುಕದು ಎನ್ನುವವರು ಇವರು. ಕೆಳಗಿನ ಸಾಲುಗಳು ಯಾವುದೋ ಒಂದು ಸಂಸ್ಥೆಯವಲ್ಲ. ಕೈಮಗ್ಗದ ಉಡುಪಿನ ಚೀಟಿಯಲ್ಲಿ, ಬಿಲ್ಲಿನಲ್ಲಿ ಮಾತು ಆಚೀಚೆಯಾಗಿ ಸಿಗುವಂಥವು.

“ಕೈಮಗ್ಗದ ಬಟ್ಟೆ.”

ಎರಡೇ ಪದ, ಇಡೀ ಚೀಟಿಯಲ್ಲಿ ಅತಿ ಹೆಚ್ಚು ಸುಳ್ಳು ಹೇಳಲು ಬಳಕೆಯಾಗುವುದೂ ಇವೇ. ವಿದ್ಯುತ್ ಮಗ್ಗದ ಬಟ್ಟೆಯನ್ನು ಕೈಮಗ್ಗದ್ದೆಂದು ಮಾರುವುದು ಹಳೆಯ ದಂಧೆ. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕಷ್ಟೇ ಮೀಸಲಿಟ್ಟ ಕಾನೂನು 1985ರಲ್ಲೇ ಬಂತು, ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಸರ್ಕಾರಿ ಗುರುತು 2006ರಲ್ಲಿ ಬಂತು. ಗುರುತು ಇದ್ದರೆ ಒಳ್ಳೆಯದು. ಸಣ್ಣ ಸಂಘಗಳ ಒಳ್ಳೆಯ ಬಟ್ಟೆಯ ಮೇಲೆ ಅದು ಇಲ್ಲದಿರುವುದೂ ಉಂಟು. ಆಗ ಕಣ್ಣೇ ಗತಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ಹೊಕ್ಕಿನ ಎಳೆಗಳನ್ನು ನೋಡಬೇಕು. ಲಾಳಿಯನ್ನು ಓಡಿಸುವುದು ಕೈ, ಬಡಿಯುವುದೂ ಕೈ. ಹಾಗಾಗಿ ಎಳೆಗಳ ನಡುವಿನ ಅಂತರ ಒಂದು ಗೇಣಿನಲ್ಲಿ ತುಸು ಬಿಗಿ, ಮುಂದಿನ ಗೇಣಿನಲ್ಲಿ ತುಸು ಸಡಿಲ. ಯಂತ್ರ ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಬಡಿಯುತ್ತದೆ. ಮೂಗು ಬಟ್ಟೆಗೆ ತಾಗುವಷ್ಟು ಹತ್ತಿರ ನೋಡಿದರೆ ಅಂಗಡಿಯವನು ನಕ್ಕಾನು. ನಗಲಿ.

ಇಳಕಲ್ಲಿಗೆ ಅದರ ಸೆರಗಿದೆ, ಗುಳೇದಗುಡ್ಡಕ್ಕೆ ಖಣವಿದೆ, ಮೊಳಕಾಲ್ಮೂರಿಗೆ ರೇಷ್ಮೆಯಿದೆ. ಶಿವಮೊಗ್ಗ ಜಿಲ್ಲೆಯ ಮಲೆನಾಡಿಗೆ ಅಂಥ ಹೆಸರಿನ ಬಟ್ಟೆಯೊಂದು ಇರಲಿಲ್ಲ. ಅದನ್ನು ಮಾಡಿಕೊಂಡವರು ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯ ಹೆಂಗಸರು. ರಂಗ ನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಕಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘದಲ್ಲಿ ಮಗ್ಗದ ಮುಂದೆ ಕೂತವರು ನೇಕಾರ ಮನೆತನದವರಲ್ಲ. ಹೆಚ್ಚಿನವರು ಗದ್ದೆ ತೋಟದ ಕೆಲಸದ ಕುಟುಂಬಗಳಿಂದ ಬಂದು ನೇಯ್ಗೆ ಕಲಿತವರು. ಅಜ್ಜನ ಕಾಲದ ಅಂಚಿನ ವಿನ್ಯಾಸ ಅವರ ಬೆನ್ನ ಮೇಲೆ ಇರಲಿಲ್ಲ. ಅವರ ಬಟ್ಟೆ ಬೇರೆಯಾಗಿ ಕಾಣುವುದಕ್ಕೆ ಅದೂ ಒಂದು ಕಾರಣ ಎಂದು ನನ್ನ ಅಂದಾಜು. ಆ ಬಟ್ಟೆ ‘ದೇಸಿ’ ಅಂಗಡಿಗಳ ಮೂಲಕ ಊರೂರಿಗೆ ಹೋಯಿತು. ನಾಟಕಕ್ಕೆಂದು ಹೆಗ್ಗೋಡಿನ ರಂಗಸಂಸ್ಥೆ ನೀನಾಸಂಗೆ ಹೋದವರು ಕುರ್ತಾ ಹಾಕಿಕೊಂಡು ವಾಪಸು ಬರುವುದು ನಮ್ಮಲ್ಲಿ ಹೊಸದೇನಲ್ಲ.

“ನೂರಕ್ಕೆ ನೂರು ಹತ್ತಿ.”

ಇದನ್ನು ಪರೀಕ್ಷಿಸುವುದು ಸುಲಭ. ಒಳಗಿನ ಹೊಲಿಗೆಯ ಅಂಚಿನಿಂದ ಎರಡೆಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ. ಇಷ್ಟನ್ನು ಅಂಗಡಿಯೊಳಗೆ ಮಾಡಬೇಡಿ. ಖಾದಿಯೂ ಕೈಮಗ್ಗವೂ ಒಂದೇ ಎಂದುಕೊಂಡವರಿಗೆ ಇಲ್ಲೇ ಹೇಳಿಬಿಡಬೇಕು: ಖಾದಿಯಲ್ಲಿ ನೂಲನ್ನೂ ಕೈಯಿಂದಲೇ ತೆಗೆದಿರುತ್ತಾರೆ, ಕೈಮಗ್ಗದ ಬಟ್ಟೆಗೆ ಗಿರಣಿಯ ನೂಲು ಬರಬಹುದು. ಬೆಲೆಯ ವ್ಯತ್ಯಾಸಕ್ಕೆ ಅದೂ ಕಾರಣ.

“ಸಹಜ ಬಣ್ಣ: ಅಡಿಕೆ ಚೊಗರು.”

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದೀತು, ನಮ್ಮ ಕಡೆಯವರಿಗೆ ಬೇಕಿಲ್ಲ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿಯುವ ಕೆಂಗಂದು ನೀರು ಚೊಗರು. ಮುಂದಿನ ಅಡಿಕೆಗೆ ಬಣ್ಣ ಬರಲೆಂದು ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಸುಗ್ಗಿಯ ಹೊತ್ತಿಗೆ ಅಡಿಕೆ ಸುಲಿಯುವವರ ಬೆರಳು ಕಪ್ಪಗಿರುತ್ತವೆ. ಸೀರೆಯ ಮೇಲೆ ಚೊಗರು ಬಿದ್ದರೆ ಸೀರೆ ಹರಿದರೂ ಕಲೆ ಹೋಗದು; ಮನೆಯ ಹೆಂಗಸರು ಅದನ್ನು ಬೈದುಕೊಂಡೇ ಬಂದಿದ್ದಾರೆ. ಹೋಗದ ಕಲೆ ಎಂದರೆ ಬಿಡದ ಬಣ್ಣ. ಚರಕದವರು ಹಿಡಿದದ್ದು ಈ ಎಳೆಯನ್ನೇ. ಚೊಗರಿನಲ್ಲಿರುವ ಟ್ಯಾನಿನ್ ಹತ್ತಿಯ ನಾರಿಗೆ ಕಚ್ಚಿಕೊಳ್ಳುತ್ತದೆ. ಪಟಿಕದ ನೀರಿನ ಜೊತೆ ಸೇರಿದರೆ ಕೆಂಗಂದು, ಕಬ್ಬಿಣದ ನೀರಿನ ಜೊತೆ ಸೇರಿದರೆ ಕಪ್ಪಿನ ಕಡೆಗೆ ತಿರುಗುತ್ತದೆ. ಹಳದಿಗೆ ದಾಳಿಂಬೆ ಸಿಪ್ಪೆ, ನೀಲಿಗೆ ನೀಲಿ ಗಿಡ.

ಕೊಳ್ಳುವವರಿಗೆ ಇದರಲ್ಲಿ ಎರಡು ಸುಳಿವಿವೆ. ಎರಡು ಹಂಡೆಯ ಚೊಗರು ಎಂದೂ ಒಂದೇ ಗಾಢತೆಗೆ ಬರುವುದಿಲ್ಲ. ಅಡಿಕೆ ಬಲಿತ ಮಟ್ಟ, ನೀರು, ಬೇಯಿಸಿದ ಹೊತ್ತು, ಎಲ್ಲವೂ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತವೆ. ಹೀಗಾಗಿ ನಿಮ್ಮ ಅಂಗಿಯ ಬಣ್ಣದ್ದೇ ಅಂಗಿ ಇನ್ನೊಬ್ಬರ ಮೈಮೇಲೆ ಸಿಗುವುದು ಅಪರೂಪ. ಅದೇ ಕಾರಣಕ್ಕೆ, ಥಾನಿನಿಂದ ಬಟ್ಟೆ ಕತ್ತರಿಸಿಕೊಳ್ಳುವಾಗ ಅರ್ಧ ಮೀಟರ್ ಹೆಚ್ಚೇ ತೆಗೆದುಕೊಳ್ಳಿ. ಮುಂದಿನ ತಿಂಗಳು ಹೋಗಿ ಕೇಳಿದರೆ ಅದೇ ಬಣ್ಣ ಸಿಗುವುದಿಲ್ಲ. ಎರಡನೆಯದು, ಗಿಡದ ಬಣ್ಣದಲ್ಲಿ ಕಣ್ಣು ಕುಕ್ಕುವ ಗಿಳಿಹಸಿರು ಸುಲಭವಲ್ಲ. ಹಸಿರು ಬರಬೇಕಾದರೆ ಸಾಮಾನ್ಯವಾಗಿ ಬಟ್ಟೆಯನ್ನು ಹಳದಿಯಲ್ಲೂ ನೀಲಿಯಲ್ಲೂ ಬೇರೆಬೇರೆಯಾಗಿ ಅದ್ದಬೇಕು, ಕೂಲಿ ಎರಡಾಗುತ್ತದೆ. ಮೇಳದ ಮಳಿಗೆಯಲ್ಲಿ ಝಗಝಗಿಸುವ ಹಸಿರು ಕುರ್ತಾ ಅಗ್ಗಕ್ಕೆ ನೇತಾಡುತ್ತಿದ್ದು, ಚೀಟಿಯಲ್ಲಿ ‘ಸಹಜ ಬಣ್ಣ’ ಎಂದಿದ್ದರೆ ಅನುಮಾನಪಡುವುದು ತಪ್ಪಲ್ಲ. ರಾಸಾಯನಿಕ ಬಣ್ಣದ ಕೈಮಗ್ಗವೂ ಒಳ್ಳೆಯ ಬಟ್ಟೆಯೇ ಆಗಬಹುದು, ಅದನ್ನು ಆ ಹೆಸರಿನಲ್ಲಿ, ಆ ಬೆಲೆಗೆ ಮಾರಲಿ.

“ನೇಯ್ಗೆಯಲ್ಲಿ ಕಾಣುವ ಸಣ್ಣ ಏರುಪೇರು ದೋಷವಲ್ಲ.”

ಈ ಸಾಲಿನ ಬಗ್ಗೆ ನನಗೆ ತಕರಾರಿದೆ. ಅರ್ಧ ನಿಜ ಹೇಳಿ ಉಳಿದರ್ಧವನ್ನು ಕೊಳ್ಳುವವರ ತಲೆಗೆ ಕಟ್ಟುವ ಸಾಲು ಇದು. ಅಲ್ಲಲ್ಲಿ ದಪ್ಪಗಾದ ಎಳೆ, ಬಿಗಿ ಸಡಿಲ ಇವು ಕೈಕೆಲಸದಲ್ಲಿ ಇರುವಂಥವೇ. ಹಾಸಿನ ಎಳೆ ತುಂಡಾಗಿ ಬಟ್ಟೆಯುದ್ದಕ್ಕೂ ಗೆರೆ ಬಿದ್ದಿದ್ದರೆ ಅದು ದೋಷ. ಗುಂಡಿಪಟ್ಟಿ ಸೊಟ್ಟಗಿದ್ದರೆ, ಎರಡು ತೋಳು ಎರಡು ಉದ್ದವಿದ್ದರೆ ಅದಕ್ಕೆ ಮಗ್ಗ ಹೊಣೆಯಲ್ಲ, ಹೊಲಿದವರು ಹೊಣೆ. ಕೈಮಗ್ಗ ಎಂಬ ಮರುಕಕ್ಕೆ ಕೆಟ್ಟ ಹೊಲಿಗೆಯನ್ನು ಒಪ್ಪಿಕೊಂಡರೆ ನಷ್ಟ ನೇಯ್ದವರಿಗೇ. ಒಮ್ಮೆ ಬೇಸರಪಟ್ಟ ಗಿರಾಕಿ ಮತ್ತೆ ಬರುವುದಿಲ್ಲ.

“ಅಳತೆ 40.”

ನಲವತ್ತು ಇಂಚು ಎದೆಯವರಿಗೆ ಎಂದರ್ಥ; ಅಂಗಿಯ ಸುತ್ತಳತೆ ಅದಕ್ಕಿಂತ ನಾಲ್ಕೈದು ಇಂಚು ಹೆಚ್ಚಿರುತ್ತದೆ. ಕೈಮಗ್ಗದ ಬಟ್ಟೆ ನೀರು ಕಂಡ ಮೇಲೆ ಕುಗ್ಗುವುದರಿಂದ, ತೊಳೆದು ಹೊಲಿದದ್ದೋ ಹಾಗೇ ಹೊಲಿದದ್ದೋ ಎಂದು ಕೇಳಿಯೇ ಕೊಳ್ಳಬೇಕು.

ಆದರೆ ಈ ಸಾಲಿಗೆ ನನ್ನ ನಿಜವಾದ ವ್ಯಾಖ್ಯಾನ, ಅಳತೆಯ ಗೊಡವೆಯನ್ನೇ ಬಿಟ್ಟು ಬಟ್ಟೆ ಕೊಂಡು ಹೊಲಿಸಿ ಎಂಬುದು. ಕಡಿಮೆ ಖರ್ಚಿನಲ್ಲಿ ಬೇರೆಯಾಗಿ ಕಾಣುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ, ಶಿವಮೊಗ್ಗ ಭದ್ರಾವತಿಗಳಲ್ಲಿ ಟೈಲರುಗಳಿಗೆ ಬರವೂ ಇಲ್ಲ. ಮೊದಲು ಪನ್ನ, ಅಂದರೆ ಬಟ್ಟೆಯ ಅಗಲ, ಕೇಳಿ. 36 ಇಂಚಿನ ಪನ್ನವಾದರೆ ತುಂಬುತೋಳಿನ ಅಂಗಿಗೆ ಸುಮಾರು ಎರಡೂವರೆ ಮೀಟರ್ ಬೇಕು. 58 ಇಂಚಿನದಾದರೆ ಒಂದೂಮುಕ್ಕಾಲು ಸಾಕಾದೀತು. ಮೀಟರಿನ ಬೆಲೆಯನ್ನಷ್ಟೇ ನೋಡಿ ಎರಡು ಬಟ್ಟೆ ಹೋಲಿಸಿದರೆ ಲೆಕ್ಕ ತಪ್ಪುವುದು ಇಲ್ಲಿಯೇ. ತಂದ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಆಮೇಲೆ ಟೈಲರಿಗೆ ಕೊಡಿ. ಜೊತೆಗೆ ನಿಮಗೆ ಸರಿಯಾಗಿ ಕೂರುವ ಹಳೆಯ ಅಂಗಿಯೊಂದನ್ನು ಕೊಡಿ, ಟೇಪಿಗಿಂತ ಅದು ಹೆಚ್ಚು ಹೇಳುತ್ತದೆ. ಕೇಳಬೇಕಾದ ಮಾತುಗಳು: ಹೊಲಿಗೆ ಇಂಚಿಗೆ ಹತ್ತು ಹನ್ನೆರಡು ಬೀಳಲಿ, ಪಕ್ಕದಲ್ಲಿ ಬಿಚ್ಚಿಕೊಳ್ಳಲು ಬಟ್ಟೆ ಒಳಗೆ ಬಿಡಿ, ಕಾಲರಿಗೆ ಹಾಕುವ ಬಕ್ರಂ ಅನ್ನೂ ನೆನೆಸಿಯೇ ಹಾಕಿ. ಚೌಕಳಿ ಬಟ್ಟೆಯಾದರೆ ಜೇಬಿನ ಚೌಕ ಎದೆಯ ಚೌಕಕ್ಕೆ ಕೂಡಿಬರಬೇಕು. ಅದಕ್ಕೆ ತುಸು ಬಟ್ಟೆ ಹೆಚ್ಚು ಬೇಕು, ತಾಳ್ಮೆ ಬಹಳ ಬೇಕು. ಜೇಬಿನ ಚೌಕ ಕೂಡಿಸುವ ಟೈಲರ್ ಸಿಕ್ಕರೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ದೀಪಾವಳಿಗೆ ವಾರವಿರುವಾಗಲೂ ಹೋಗಬೇಡಿ.

“ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ. ನೆರಳಿನಲ್ಲಿ ಒಣಗಿಸಿ.”

ಬಣ್ಣ ಹಿಡಿದು ಮಿಕ್ಕ ಪುಡಿ ಮೊದಲ ನೀರಿನಲ್ಲಿ ಬಿಡುತ್ತದೆ. ಅದಕ್ಕೇ ‘ಬೇರೆಯಾಗಿ’. ನೆರಳಿನ ಮಾತನ್ನು ಬರೆದವರು ಗಾಜನೂರಿನ ಜುಲೈ ನೋಡಿರಲಾರರು. ತುಂಗಾ ಅಣೆಕಟ್ಟೆಯ ಗೇಟುಗಳಿಂದ ನೀರು ಧುಮ್ಮಿಕ್ಕುವ ಆ ದಿನಗಳಲ್ಲಿ ಇಲ್ಲಿ ಇರುವುದೆಲ್ಲ ನೆರಳೇ, ಒಣಗುವುದು ಮಾತ್ರ ಇಲ್ಲ. ದಪ್ಪ ಹತ್ತಿ ಬಟ್ಟೆಗೆ ಮುಗ್ಗಲು ವಾಸನೆ ಹತ್ತುತ್ತದೆ, ಕಪ್ಪು ಚುಕ್ಕೆ ಬಿದ್ದರೆ ಹೋಗುವುದಿಲ್ಲ. ಮಳೆಗಾಲಕ್ಕೆ ತೆಳು ನೂಲಿನ ಬಟ್ಟೆ ಇಟ್ಟುಕೊಂಡು, ದಪ್ಪನೆಯದನ್ನು ದೀಪಾವಳಿಯ ಆಚೆಗೆ ತೆಗೆಯುವುದು ಜಾಣತನ.

“ತಯಾರಿಕೆ: ಭಾರತ.”

ಕೈಮಗ್ಗದ ಚೀಟಿಗಿಂತ ಈ ಸಾಲು ಹೆಚ್ಚು ಕಾಣುವುದು ಕಾರ್ಖಾನೆಯ ಅಂಗಿಯಲ್ಲಿ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಸಿದ್ಧ ಉಡುಪಿನ ಕೆಲಸವಿದೆ. ರಫ್ತಿನ ಕಾರ್ಖಾನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಹೊಲಿದ ಅಂಗಿ ಹಡಗು ಹತ್ತಿ ಹೋಗಿ ಯಾವುದೋ ದೇಶದಲ್ಲಿ ಯಾರದೋ ಹೆಸರು ಹೊತ್ತು ಮಾರಾಟವಾಗುತ್ತದೆ. ಬೇಡಿಕೆಗಿಂತ ಹೆಚ್ಚಾದದ್ದು, ತಪಾಸಣೆಯಲ್ಲಿ ಬಿದ್ದದ್ದು ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಎಂಬ ಹೆಸರಿನಲ್ಲಿ ಅಂಗಡಿಗೂ ಫುಟ್‌ಪಾತಿಗೂ ಬರುತ್ತದೆ, ಚೀಟಿಯನ್ನು ಅರ್ಧ ಕತ್ತರಿಸಿಯೋ ಗೀಟು ಹಾಕಿಯೋ. ಒಳ್ಳೆಯ ಹೊಲಿಗೆ ಅಗ್ಗಕ್ಕೆ ಸಿಗುವ ಜಾಗ ಇದೇ. ಆದರೆ ಈಗ ಚೀಟಿ ಕತ್ತರಿಸಿ ಸರ್‌ಪ್ಲಸ್ ಎಂದು ನಂಬಿಸುವವರೂ ಇರುವುದರಿಂದ ಅಂಗಿಯನ್ನು ಒಳಮಗ್ಗುಲು ತಿರುವಿ ನೋಡಬೇಕು. ಪಕ್ಕದ ಹೊಲಿಗೆ ಮಡಿಸಿ ಮುಚ್ಚಿದೆಯೋ, ಬರೀ ಓವರ್‌ಲಾಕಿನಲ್ಲಿ ಮುಗಿಸಿದ್ದಾರೋ? ಕಾಜಾದ ನೂಲು ಎದ್ದಿದೆಯೋ? ತಪಾಸಣೆಯಲ್ಲಿ ಯಾಕೆ ಬಿತ್ತು ಎಂಬುದು ಸಿಗುವವರೆಗೆ ಹುಡುಕಿ. ಎಣ್ಣೆಯ ಚುಕ್ಕೆಯಾದರೆ ಕೊಳ್ಳಬಹುದು, ಕಂಕುಳಲ್ಲಿ ಹೊಲಿಗೆ ತಪ್ಪಿದ್ದರೆ ಬೇಡ.

“ಗರಿಷ್ಠ ಮಾರಾಟ ಬೆಲೆ, ಎಲ್ಲ ತೆರಿಗೆ ಸೇರಿ.”

ಒಂದು ಲೆಕ್ಕ ಹಾಕೋಣ. ಸಾದಾ ನೇಯ್ಗೆಯಲ್ಲಿ ಒಬ್ಬರು ದಿನಕ್ಕೆ ಸುಮಾರು ನಾಲ್ಕೈದು ಮೀಟರ್ ನೇಯ್ದಾರು. ಅಂಗಿಗೆ ಎರಡೂವರೆ ಮೀಟರ್ ಎಂದರೆ ಅರ್ಧ ದಿನದ ನೇಯ್ಗೆ. ಅದರ ಹಿಂದೆ ನೂಲಿನ ಬೆಲೆ, ಹಾಸು ಹೂಡುವುದು, ಬಣ್ಣ. ಮುಂದೆ ಹೊಲಿಗೆ, ಗುಂಡಿ, ಇಸ್ತ್ರಿ, ಅಂಗಡಿಯವರ ಪಾಲು. ನಿಮ್ಮೂರಿನಲ್ಲಿ ಅಡಿಕೆ ಕೊನೆ ತೆಗೆಯುವವರಿಗೆ ಅರ್ಧ ದಿನಕ್ಕೆ ಏನು ಕೊಡುತ್ತೀರಿ ಎಂದು ನೆನೆದುಕೊಂಡು ಕೂಡಿಸುತ್ತ ಹೋಗಿ. ಮುನ್ನೂರು ರೂಪಾಯಿಯ ‘ಕೈಮಗ್ಗದ ಅಂಗಿ’ ಎಂಬುದು ಸಾಧ್ಯವೇ ಇಲ್ಲ ಎಂದು ಕೂಡಲೇ ತಿಳಿಯುತ್ತದೆ. ಇದೇ ಲೆಕ್ಕ ಮೇಲ್ಮುಖವಾಗಿಯೂ ನಡೆಯುತ್ತದೆ. ಅಂಥದೇ ಸಾದಾ ಅಂಗಿಗೆ ನಾಲ್ಕು ಸಾವಿರ ಹಾಕಿದ್ದರೆ ನೇಯ್ಗೆಯ ಅರ್ಧ ದಿನ ಎರಡು ದಿನವಾಗಿಲ್ಲ, ಹೆಚ್ಚಿದ್ದು ಅಂಗಡಿಯ ಬಾಡಿಗೆ, ದೀಪ, ಹೆಸರು. ನೂಲಿಗೆ, ನೇಯ್ಗೆಗೆ, ಬಣ್ಣಕ್ಕೆ, ಹೊಲಿಗೆಗೆ ಧಾರಾಳವಾಗಿ ಕೊಡಿ, ಮಿಕ್ಕದ್ದಕ್ಕೆ ಜುಗ್ಗತನ ಮಾಡಿ.

ತೆರಿಗೆಯದೂ ಒಂದು ಕಥೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಬೇಕೆಂದು ಪ್ರಸನ್ನ ಕರ ನಿರಾಕರಣೆಯ ಸತ್ಯಾಗ್ರಹ ಹೂಡಿದರು, ಉಪವಾಸ ಕೂತರು. ತೆರಿಗೆ ಶೂನ್ಯವಾಗಲಿಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ 18. ಮೀಟರ್ ಲೆಕ್ಕದ ಹತ್ತಿ ಬಟ್ಟೆಗೆ ಬೆಲೆ ಎಷ್ಟಿದ್ದರೂ ಶೇ 5. 2,500 ದಾಟುವ ಅಂಗಿಯ ಮಟ್ಟಿಗಾದರೂ, ಬಟ್ಟೆ ಕೊಂಡು ಹೊಲಿಸಿ ಎಂದ ನನ್ನ ಮಾತಿಗೆ ಸರ್ಕಾರವೇ ಒತ್ತಾಸೆಯಾಗಿ ನಿಂತಂತಾಯಿತು. ಕೊಳ್ಳುವುದಕ್ಕೆ ಒಳ್ಳೆಯ ಹೊತ್ತೂ ಇದೆ: ಅಕ್ಟೋಬರ್ 2ರಿಂದ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ, ಆ ಸುಮಾರಿಗೆ ಮೇಳಗಳು ನಡೆಯುತ್ತವೆ. ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮದ ‘ಪ್ರಿಯದರ್ಶಿನಿ’ ಮಳಿಗೆಗಳಲ್ಲಿ ಗಾಜು ದೀಪಗಳ ಆಡಂಬರ ಇಲ್ಲದಿದ್ದರೇನು, ನಮಗೆ ಬೇಕಾದದ್ದು ಕಪಾಟಿನೊಳಗಿನ ಥಾನು.

“ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ.”

ಬಿಲ್ಲಿನ ತಳದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ದೋಷವಿರುವ ಮಾಲಿನ ಮಟ್ಟಿಗೆ ಈ ಸಾಲಿಗೆ ಬೆಲೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ವಾಪಸು ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ. ಬಿಲ್ಲನ್ನು ಅಷ್ಟು ದಿನವಾದರೂ ತೆಗೆದಿಡಿ. ಹಾಸಿನ ಗೆರೆ, ಸೊಟ್ಟ ಪಟ್ಟಿ ಇದ್ದರೆ ಧೈರ್ಯವಾಗಿ ಹೋಗಿ ಕೇಳಬಹುದು. ಬಣ್ಣ ಬಿಟ್ಟು ಪಕ್ಕದ ಪಂಚೆ ಕೆಂಪಾಯಿತು ಎಂದು ಹೋದರೆ ಮಾತ್ರ ಅಂಗಡಿಯವರು ಚೀಟಿಯ ‘ಬೇರೆಯಾಗಿ ಒಗೆಯಿರಿ’ ಎಂಬ ಸಾಲಿನ ಮೇಲೆ ಬೆರಳಿಡುತ್ತಾರೆ.