ಇಬ್ಬರಿಗೆ ಎರಡು ದಿನ: ಕಡಲೂ ಘಟ್ಟವೂ ಒಟ್ಟಿಗೆ ಸಿಗುವ ಊರು

ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೊರಡುವ ದಂಪತಿ ಮೊದಲು ನೋಡುವುದು ಕೋಣೆಯ ಬಾಡಿಗೆ. ಆಮೇಲೆ ನೋಡುವುದು ಆ ಊರಿನ ಸುತ್ತ ಎಷ್ಟು ಸ್ಥಳಗಳಿವೆ ಎಂಬ ಪಟ್ಟಿ. ಬಾಡಿಗೆ ಕಡಿಮೆ, ಪಟ್ಟಿ ಉದ್ದ ಎಂದಾದರೆ ಪ್ರವಾಸ ಅಗ್ಗವಾಯಿತೆಂದು ಸಮಾಧಾನ. ಈ ಲೆಕ್ಕವೇ ಸರಿಯಿಲ್ಲ. ಶುಕ್ರವಾರ ಸಂಜೆ ಬಿಟ್ಟು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕಾದವರಿಗೆ ಉಳಿಯುವುದು ಎರಡು ಹಗಲು. ಆ ಎರಡು ಹಗಲಿನಲ್ಲಿ ಎಷ್ಟು ಹೊತ್ತು ಕಡಲಿನ ಎದುರು, ಎಷ್ಟು ಹೊತ್ತು ಕಾಡಿನ ಒಳಗೆ, ಎಷ್ಟು ಹೊತ್ತು ವಾಹನದೊಳಗೆ ಕಳೆಯಿತು ಎಂಬುದರಿಂದಲೇ ಕೊಟ್ಟ ದುಡ್ಡಿಗೆ ಬೆಲೆ ಬಂತೋ ಇಲ್ಲವೋ ಎಂದು ಹೇಳಬೇಕು.

ಇನ್ನೊಂದು ಮಾತು ಇಬ್ಬರೇ ಹೋಗುವವರಿಗೆ ಮಾತ್ರ ಅನ್ವಯಿಸುವುದು. ನಮ್ಮ ಪ್ರವಾಸಿ ತಾಣಗಳ ದರಗಳೆಲ್ಲ ಗುಂಪಿನ ಲೆಕ್ಕದವು. ಜೀಪಿಗೆ ಇಷ್ಟು, ದೋಣಿಗೆ ಇಷ್ಟು, ಟ್ಯಾಕ್ಸಿಗೆ ದಿನಕ್ಕೆ ಇಷ್ಟು. ಎಂಟು ಜನರಿದ್ದರೆ ಹಂಚಿಕೆಯಾಗುತ್ತದೆ, ಇಬ್ಬರಿದ್ದರೆ ಪೂರ್ತಿ ಹೊರೆ ಇಬ್ಬರ ಮೇಲೆಯೇ. ಹೀಗಾಗಿ ಜೋಡಿಯ ಜೇಬಿಗೆ ಕತ್ತರಿ ಹಾಕುವುದು ಕೋಣೆಗಿಂತ ಹೆಚ್ಚಾಗಿ ವಾಹನ. ಬಾಡಿಗೆ ವಾಹನದ ಹಂಗಿಲ್ಲದೆ ಸಮುದ್ರಕ್ಕೂ ಬೆಟ್ಟಕ್ಕೂ ಹೋಗಿಬರಲು ಯಾವ ಊರಿನಲ್ಲಿ ಸಾಧ್ಯವೋ ಅದೇ ಇಬ್ಬರಿಗೆ ಒಳ್ಳೆಯ ಊರು.

ಸ್ವಂತ ಕಾರಿನ ಲೆಕ್ಕವನ್ನೂ ಹಾಕಿ ನೋಡೋಣ. ಉತ್ತರ ಕನ್ನಡದ ಕರಾವಳಿಗೆ ಹೋಗಿಬರಲು ಸುಮಾರು 1,000 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡುವ ಕಾರಾದರೆ ಪೆಟ್ರೋಲೊಂದಕ್ಕೇ ಇಂದಿನ ದರದಲ್ಲಿ 6,500 ರೂಪಾಯಿ ದಾಟುತ್ತದೆ. ಟೋಲ್ ಬೇರೆ. ಅದಕ್ಕಿಂತ ದೊಡ್ಡ ನಷ್ಟ ಭಾನುವಾರದ್ದು. ರಾತ್ರಿಯೊಳಗೆ ಮನೆ ಸೇರಬೇಕಾದರೆ ಬೆಳಗಿನ ತಿಂಡಿ ಮುಗಿಸಿ ಹೊರಡಲೇಬೇಕು. ಎರಡು ಹಗಲಿನ ಪ್ರವಾಸದಲ್ಲಿ ಒಂದು ಹಗಲು ಅಲ್ಲಿಗೆ ಹೋಯಿತು.

2020ರಲ್ಲಿ ಶುರುವಾದ ಪಂಚಗಂಗಾ ಎಕ್ಸ್‌ಪ್ರೆಸ್ ಈ ಲೆಕ್ಕವನ್ನು ಬದಲಿಸಿದೆ. ಸಂಜೆ ಬೆಂಗಳೂರು ಬಿಟ್ಟು, ರಾತ್ರಿ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟ ಇಳಿದು, ಮಂಗಳೂರು ನಗರದೊಳಗೆ ಹೋಗದೆ ಪಡೀಲಿನಿಂದಲೇ ತಿರುಗಿ, ಬೆಳಗಿನ ಹೊತ್ತಿಗೆ ಕುಂದಾಪುರ, ಬೈಂದೂರು, ಹೊನ್ನಾವರ, ಕುಮಟಾಗಳನ್ನು ಮುಟ್ಟಿ ಕಾರವಾರ ಸೇರುತ್ತದೆ. ಸಂಜೆ ಕಾರವಾರದಿಂದ ಹೊರಟು ಮರುದಿನ ಬೆಳಿಗ್ಗೆ ಬೆಂಗಳೂರು. ಎರಡು ರಾತ್ರಿ ರೈಲಿನಲ್ಲಿ ಕಳೆದರೆ ಕೋಣೆ ಬೇಕಾಗುವುದು ಶನಿವಾರ ರಾತ್ರಿಗೆ ಮಾತ್ರ, ಎರಡು ಹಗಲೂ ಪೂರ್ತಿ ನಮ್ಮವು. ಇಬ್ಬರ ಸ್ಲೀಪರ್ ಟಿಕೆಟ್, ಹೋಗಿಬರುವುದಕ್ಕೆ, ಕಾರಿನ ಪೆಟ್ರೋಲಿನ ಅರ್ಧದಷ್ಟೂ ಆಗುವುದಿಲ್ಲ.

ಹಾಗಾದರೆ ಎಲ್ಲಿ ಇಳಿಯಬೇಕು? ಹೆಚ್ಚಿನವರ ಉತ್ತರ ಗೋಕರ್ಣ. ಕುಡ್ಲೆ, ಓಂ, ಹಾಫ್ ಮೂನ್ ಕಡಲತೀರಗಳನ್ನು ಬಂಡೆಯಂಚಿನ ಕಾಲುದಾರಿಯಲ್ಲಿ ನಡೆದು ನೋಡುವುದು ಕರಾವಳಿಯ ಅತ್ಯುತ್ತಮ ಅನುಭವಗಳಲ್ಲೊಂದು, ಅದಕ್ಕೆ ಕಾಸೂ ಬೇಕಿಲ್ಲ. ಆದರೆ ಇದೇ ಕಾರಣಕ್ಕೆ ವಾರಾಂತ್ಯದಲ್ಲಿ ಅಲ್ಲಿ ಜನ ತುಂಬಿ ತುಳುಕುತ್ತಾರೆ. ಸಾಲು ರಜೆಗಳಲ್ಲಿ ಕೋಣೆಯ ದರ ಎರಡು ಮೂರು ಪಟ್ಟು ಏರುವುದು ಅಲ್ಲಿ ಮಾಮೂಲು. ನಿಲ್ದಾಣದಿಂದ ಪೇಟೆ ದೂರ, ಪೇಟೆಯಿಂದ ಕಡಲತೀರ ಮತ್ತಷ್ಟು ದೂರ, ಪ್ರತಿ ಹೆಜ್ಜೆಗೂ ಆಟೋ. ಘಟ್ಟದ ಪಾಲಿಗಂತೂ ಗೋಕರ್ಣ ಬರಿಗೈ. ಯಾಣಕ್ಕೆ ಹೋಗಲು ಇಬ್ಬರು ಇಡೀ ಟ್ಯಾಕ್ಸಿ ಹಿಡಿಯಬೇಕು. ಕಡಲು ಮಾತ್ರ ಸಾಕು ಎನ್ನುವವರು, ಅದೂ ವಾರದ ನಡುವಿನ ದಿನಗಳಲ್ಲಿ, ಗೋಕರ್ಣಕ್ಕೆ ಹೋಗಲಿ. ಎರಡೂ ಬೇಕೆಂಬವರಿಗೆ ಅದು ದುಬಾರಿ ಆಯ್ಕೆ.

ಬೈಂದೂರು–ಕೊಲ್ಲೂರು ಇದಕ್ಕಿಂತ ಬಹಳ ಮೇಲು. ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಅರಬ್ಬಿ ಸಮುದ್ರ, ನಡುವೆ ಹೆದ್ದಾರಿ ಇರುವ ಮರವಂತೆ ಅಲ್ಲೇ ಇದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯೂ ಹತ್ತಿರ. ಹತ್ತುವ ಹಂಬಲ, ಕಾಲಿನ ಕಸುವು ಎರಡೂ ಇರುವವರು ಇಲ್ಲಿಗೇ ಬರಬೇಕು. ಸರ್ವಜ್ಞ ಪೀಠದ ಬಳಿಯ ಹುಲ್ಲುಗಾವಲಿನಲ್ಲಿ ನಿಂತು ಮಂಜು ಕಣಿವೆಯಿಂದ ಮೇಲೇರುವುದನ್ನು ನೋಡಿದವರಿಗೆ ಬೇರೆ ಶಿಫಾರಸು ಬೇಕಿಲ್ಲ. ತೊಡಕಿರುವುದು ಬೆಟ್ಟಕ್ಕೆ ಹೋಗುವ ಜೀಪಿನಲ್ಲಿ. ಇಬ್ಬರು ಬಂದರೆ ಒಂದೋ ಪೂರ್ತಿ ಜೀಪಿನ ಬಾಡಿಗೆ ಕೊಡಬೇಕು, ಇಲ್ಲವೇ ಸೀಟು ತುಂಬುವವರೆಗೆ ಕಾಯಬೇಕು. ಆ ಕಾಯುವಿಕೆ ಒಂದು ಬೆಳಗನ್ನೇ ನುಂಗಬಹುದು. ಆಗುಂಬೆಯನ್ನೂ ಹಲವರು ಹೆಸರಿಸುತ್ತಾರೆ. ಮಳೆ ನೋಡಲೆಂದೇ ಹೋಗುವವರಿಗೆ ಅದಕ್ಕೆ ಸಾಟಿಯಿಲ್ಲ. ಉಂಬಳಗಳಿಗೆ ಹೆದರದ ಜೋಡಿಯಾಗಿರಬೇಕು, ಅಷ್ಟೆ. ಆದರೆ ಕಡಲು ಅಲ್ಲಿಂದ ದೂರ, ಆಕಾಶ ತಿಳಿಯಾದ ದಿನ ಸೂರ್ಯಾಸ್ತದ ಕಟ್ಟೆಯಿಂದ ಕಾಣುವುದಷ್ಟೇ.

ನನ್ನ ತೀರ್ಪು ಹೊನ್ನಾವರದ ಪರ.

ಹೊನ್ನಾವರ ನಿಲ್ದಾಣಕ್ಕೆ ಮುಂಚೆ ರೈಲು ದಾಟುವ ಶರಾವತಿ ಸೇತುವೆ ಕೊಂಕಣ ರೈಲು ಮಾರ್ಗದಲ್ಲೇ ಉದ್ದನೆಯದು, ಎರಡು ಕಿ.ಮೀ.ಗೂ ಮಿಗಿಲು. ಊರಿನ ಸ್ವಭಾವವೆಲ್ಲ ಆ ಸೇತುವೆಯ ಮೇಲೆಯೇ ಗೊತ್ತಾಗುತ್ತದೆ: ಎಡಕ್ಕೆ ಅಳಿವೆ, ಬಲಕ್ಕೆ ನದಿಯ ಹಿಂದೆ ಸಾಲುಗಟ್ಟಿದ ಘಟ್ಟ. ಹೊಳೆಯಾಚೆಗಿನ ಕಾಸರಕೋಡ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಆ ವರ್ಷ ಕರ್ನಾಟಕದಲ್ಲಿ ಅದನ್ನು ಪಡೆದ ಇನ್ನೊಂದು ತೀರ ಪಡುಬಿದ್ರಿ. ಪ್ರವೇಶಕ್ಕೆ ಟಿಕೆಟ್ ಇದೆ, ಅದಕ್ಕೆ ತಕ್ಕಂತೆ ಸ್ವಚ್ಛ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇದ್ದಾರೆ. ಈ ಕೊನೆಯದನ್ನು ಹಗುರವಾಗಿ ಕಾಣಬಾರದು. 2024ರ ಡಿಸೆಂಬರ್‌ನಲ್ಲಿ ಪಕ್ಕದ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕಾವಲಿರುವ ತೀರವನ್ನೇ ಆರಿಸಿಕೊಳ್ಳುವುದು ಪ್ರವಾಸದ ಮೊದಲ ಶಿಸ್ತಾಗಬೇಕು. ಕಾಂಡ್ಲಾ ಕಾಡಿನ ನಡುವೆ ಅರಣ್ಯ ಇಲಾಖೆ ಕಟ್ಟಿರುವ ಹಲಗೆ ಹಾದಿಯಲ್ಲಿ ಇಳಿತದ ಹೊತ್ತಿಗೆ ನಡೆದರೆ ಬೇರುಗಳ ಸಂದಿಯಲ್ಲಿ ಏಡಿಗಳ ಓಡಾಟ ಕಾಣುತ್ತದೆ. ಅಪ್ಸರಕೊಂಡದ ಗುಡ್ಡದ ಮೇಲಿನಿಂದ ಸಂಜೆಯ ಸಮುದ್ರ ನೋಡಬಹುದು. ಶನಿವಾರಕ್ಕೆ ಇಷ್ಟು ಧಾರಾಳವಾಯಿತು.

ಭಾನುವಾರ ಘಟ್ಟಕ್ಕೆ. ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಜೋಗಕ್ಕೆ ಸುಮಾರು 60 ಕಿ.ಮೀ., ಬಸ್ಸಿನಲ್ಲಿ ಎರಡು ಗಂಟೆಯ ಹಾದಿ. ಗೇರುಸೊಪ್ಪೆ ದಾಟಿದ ಮೇಲೆ ರಸ್ತೆ ಶರಾವತಿ ಕಣಿವೆಯ ದಟ್ಟ ಕಾಡಿನೊಳಗೆ ಸುತ್ತಿ ಸುತ್ತಿ ಏರುತ್ತದೆ. ಅದು ಸಿಂಗಳೀಕಗಳ ನೆಲೆ. ಕಿಟಕಿಯ ಪಕ್ಕ ಕೂತವರಿಗೆ ಈ ಎರಡು ಗಂಟೆ ಪ್ರಯಾಣವೆನಿಸದೆ ಪ್ರವಾಸವೇ ಆಗುತ್ತದೆ. ಮೇಲೆ 253 ಮೀಟರ್ ಧುಮುಕುವ ರಾಜ, ರಾಣಿ, ರೋರರ್, ರಾಕೆಟ್. ಜೋಗಕ್ಕಿಂತ ನೆಮ್ಮದಿ ಬೇಕೆನ್ನುವವರು ಗೇರುಸೊಪ್ಪೆಯಲ್ಲೇ ಇಳಿದು, 16ನೇ ಶತಮಾನದ ರಾಣಿ ಚೆನ್ನಭೈರಾದೇವಿ ಆಳಿದ ಊರಿನ ಚತುರ್ಮುಖ ಬಸದಿಯನ್ನು ನೋಡಿ ಬರಲಿ. ಕಾಳುಮೆಣಸಿನ ವ್ಯಾಪಾರದಲ್ಲಿ ಪೋರ್ಚುಗೀಸರಿಗೇ ಎದುರಾದ ರಾಜ್ಯದ ಉಳಿಕೆ ಅದು. ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ಕಾಡಿನ ನಡುವೆ ನಿಂತಿದೆ. ನನ್ನನ್ನು ಕೇಳಿದರೆ ಬೇಸಿಗೆಯಲ್ಲಿ ಬಸದಿಯೇ ಮೇಲು. ಆಗ ಲಿಂಗನಮಕ್ಕಿ ಜಲಾಶಯದ ನೀರು ವಿದ್ಯುತ್ತಿಗೆ ಹೋಗಿ ಜೋಗದ ಬಂಡೆಗಳು ಒಣಗಿರುತ್ತವೆ.

ಖರ್ಚಿನ ವಿಷಯದಲ್ಲಿ ಹೊನ್ನಾವರವನ್ನು ಗೆಲ್ಲಿಸುವುದು ಬಸ್ಸು. ಬೈಂದೂರು–ಕೊಲ್ಲೂರು ಇರುವ ಉಡುಪಿ ಜಿಲ್ಲೆಯ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳದೇ ಮೇಲುಗೈ, ಉತ್ತರ ಕನ್ನಡದಲ್ಲಿ ಸರ್ಕಾರಿ ಬಸ್ಸುಗಳದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಗಂಡ ಹೆಂಡತಿ ಜೋಗಕ್ಕೆ ಹೋಗಿಬಂದರೆ ದುಡ್ಡು ಕೊಡುವುದು ಒಬ್ಬರೇ. ಇಬ್ಬರ ಪ್ರವಾಸಕ್ಕೆ ಇದಕ್ಕಿಂತ ನೇರವಾದ ಉಳಿತಾಯ ನನಗೆ ಗೊತ್ತಿಲ್ಲ. ಅಕ್ಕಪಕ್ಕದ ಊರುಗಳಿಗೆ ಟೆಂಪೋಗಳೂ ಓಡುತ್ತವೆ.

ಕೊರತೆಗಳೂ ಇವೆ. ಹೊನ್ನಾವರ ಪೇಟೆ ಚೆಂದದ ಊರೇನಲ್ಲ, ಹೆದ್ದಾರಿಯ ಗದ್ದಲ ಅದರ ಎದೆಯ ಮೇಲೇ ಹಾಯುತ್ತದೆ. ರಾತ್ರಿ ತಡವಾಗಿ ಊಟ ಸಿಗುವ ಜಾಗಗಳು ಕಡಿಮೆ. ಮಧ್ಯಾಹ್ನದ ಮೀನೂಟ ಮಾತ್ರ ನಿರಾಸೆ ಮಾಡುವುದಿಲ್ಲ. ಸಸ್ಯಾಹಾರಿಗಳು ಅಪ್ಪೆಹುಳಿ, ತಂಬುಳಿ ಬಡಿಸುವ ಹೋಂಸ್ಟೇ ಹುಡುಕಿಕೊಂಡರೆ ಪೇಟೆಯ ಹೋಟೆಲಿಗಿಂತ ಹಿತ. ಕಡಲಂಚಿನ ದೊಡ್ಡ ರೆಸಾರ್ಟುಗಳನ್ನು ನಾನು ಯಾವ ಊರಿನಲ್ಲೂ ಇಬ್ಬರಿಗೆ ಶಿಫಾರಸು ಮಾಡಲಾರೆ. ಸಮುದ್ರದ ಪಕ್ಕದಲ್ಲಿ ಈಜುಕೊಳಕ್ಕೆ ದುಡ್ಡು ತೆರುವುದರಲ್ಲಿ ಅರ್ಥವಿಲ್ಲ. ದಿನಕ್ಕೆ 7,500 ರೂಪಾಯಿ ದಾಟಿದ ಕೋಣೆಗೆ ಜಿಎಸ್‌ಟಿ ಶೇ 18, ಅದರೊಳಗಿನ ಕೋಣೆಗೆ ಶೇ 5 ಎಂಬುದೂ ನೆನಪಿರಲಿ.

ನನ್ನನ್ನು ನಿಜಕ್ಕೂ ಕಾಡುವ ಸಂಗತಿ ಬೇರೆ. ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಕಡಲಾಮೆಗಳು ಮೊಟ್ಟೆಯಿಡುವ ಮರಳು ಅದು. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರುದ್ಧವೂ ದನಿ ಎದ್ದಿದೆ. ನಾವು ನೋಡಲು ಹೋಗುವ ಮರಳು, ಕಾಡು ಎರಡೂ ಹೀಗೆ ಪಣಕ್ಕೆ ಬಿದ್ದಿರುವಾಗ, ಅಲ್ಲಿಯವರ ಲಾಡ್ಜಿನಲ್ಲಿ ಉಳಿದು, ಅಲ್ಲಿಯವರ ಖಾನಾವಳಿಯಲ್ಲಿ ಉಂಡು, ಅವರ ಮಾತು ಕೇಳಿಸಿಕೊಂಡು ಬರುವುದು ಪ್ರವಾಸಿಯ ಕನಿಷ್ಠ ಋಣ.

ಕಾಲದ ಆಯ್ಕೆ ಸುಲಭ. ಮಳೆಗಾಲದಲ್ಲಿ ನೀರಿಗಿಳಿಯುವಂತಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನೂ ತುಟ್ಟಿ. ಡಿಸೆಂಬರ್ ಕೊನೆಯಲ್ಲಿ ಕೋಣೆ ತುಟ್ಟಿ. ದಸರಾ, ದೀಪಾವಳಿ ರಜೆಗಳನ್ನು ಬಿಟ್ಟು, ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಕಡಲು ಶಾಂತ, ಕಾಡು ಹಸಿರು, ಜೋಗದಲ್ಲಿ ನೀರು.

ಹೊರಡುವವರಿಗೆ ಮೂರು ಮಾತು. ರೈಲಿನ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಶುಕ್ರವಾರದ ಸೀಟು ಬೇಗ ಮುಗಿಯುತ್ತದೆ, ತೆರೆದ ದಿನವೇ ತೆಗೆಯಿರಿ. ಲಾಡ್ಜಿಗೆ ಫೋನ್ ಮಾಡಿ 24 ಗಂಟೆಯ ಲೆಕ್ಕವೇ ಎಂದು ಕೇಳಿ. ಬೆಳಿಗ್ಗೆಯೇ ಇಳಿಯುವ ನಿಮಗೆ ಮಧ್ಯಾಹ್ನ 12ರ ನಿಯಮವಿರುವ ಕೋಣೆ ಅರ್ಧ ದಿನ ಕಸಿಯುತ್ತದೆ. ಭಾನುವಾರ ಕೋಣೆ ಬಿಟ್ಟ ಮೇಲೆ ಸಂಜೆಯವರೆಗೆ ಚೀಲ ಇಟ್ಟುಕೊಳ್ಳುತ್ತಾರೆಯೇ ಎಂದೂ ವಿಚಾರಿಸಿ. ಈ ಎರಡಕ್ಕೂ ಹೂಂ ಎನ್ನುವ ಸಾಧಾರಣ ಲಾಡ್ಜು ಸಿಕ್ಕರೆ ಅದನ್ನೇ ಹಿಡಿಯಿರಿ.