ಅವನೀಂದ್ರನಾಥರ ಅಂಗರೇಖೆಯೂ ಕವಿಗಳ ಉಪಮಾನವೂ

ವಂಗದೇಶದ ಚಿತ್ರಕಾರರಾದ ಅವನೀಂದ್ರನಾಥ ಠಾಕೂರರು (1871–1951) ಮನುಷ್ಯದೇಹದ ರೇಖನವನ್ನು ಕುರಿತು ರಚಿಸಿದ ಕಿರುಗ್ರಂಥವು 1914ರಲ್ಲಿ ಕಲ್ಕತ್ತೆಯಿಂದ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದರಲ್ಲಿನ ಆಕೃತಿಗಳನ್ನು ಬರೆದವರು ಅವರ ಶಿಷ್ಯರಾದ ನಂದಲಾಲ ಬಸುಗಳೂ ಕನ್ನಡನಾಡಿನ ಕೆ. ವೆಂಕಟಪ್ಪನವರೂ ಆಗಿದ್ದಾರೆ. ಗ್ರಂಥವು ಚಿಕ್ಕದಾದರೂ ಅದು ಎತ್ತಿರುವ ಪ್ರಶ್ನೆಯು ಚಿಕ್ಕದಲ್ಲ.

ಶಿಲ್ಪಶಾಸ್ತ್ರವು ಮುಖವನ್ನು ಒಂದು ತಾಲವೆಂದೂ ತಾಲಕ್ಕೆ 12 ಅಂಗುಲಗಳೆಂದೂ ವಿಧಿಸುತ್ತದೆ. ಈ ಪ್ರಮಾಣವು ಅಂಗದ ನೀಳವನ್ನು ಹೇಳಬಲ್ಲುದೇ ಹೊರತು ಅದರ ಬಾಗನ್ನು ಹೇಳಲಾರದು. ಆ ಕೊರತೆಯನ್ನು ಅವನೀಂದ್ರನಾಥರು ಉಪಮಾನಗಳಿಂದ ತುಂಬುತ್ತಾರೆ. ಮುಖಕ್ಕೆ ಕೋಳಿಯ ಮೊಟ್ಟೆ, ಮೂಗಿಗೆ ಎಳ್ಳಿನ ಹೂ, ಕಂಠಕ್ಕೆ ಶಂಖ, ಮುಂಡಕ್ಕೆ ಗೋಮುಖ, ಹೆಗಲಿಗೆ ಆನೆಯ ತಲೆ, ಬೆರಳಿಗೆ ಅವರೆಯ ಕೋಡು, ಮೊಣಕಾಲಿಗೆ ಏಡಿಯ ಚಿಪ್ಪು ಎಂದು ಹೀಗೆ.

ಇದು ಕವಿಗಳ ಅಲಂಕಾರವೇ ಹೊರತು ದೇಹಜ್ಞಾನವಲ್ಲವೆಂದು ಪಾಶ್ಚಾತ್ಯರೀತಿಯಲ್ಲಿ ಅಸ್ಥಿಸ್ನಾಯುಗಳನ್ನು ಅಭ್ಯಾಸಮಾಡಿದವರು ಆಕ್ಷೇಪಿಸಬಹುದು. ಆದರೆ ಹೆಗಲಿನ ಉಪಮಾನವನ್ನು ಪರಿಶೀಲಿಸಬೇಕು. ಆನೆಯ ತಲೆಯಿಂದ ಸೊಂಡಿಲು ಇಳಿಯುವಂತೆ ಹೆಗಲಿನಿಂದ ತೋಳು ಇಳಿಯುತ್ತದೆ. ಎರಡರ ನಡುವೆ ಕಡಿತವಿಲ್ಲ. ಸೊಂಡಿಲು ಯಾವ ಕಡೆಗೆ ಹೊರಳಿದರೂ ಆ ಸಂಬಂಧವು ಕೆಡದು. ಇಲ್ಲಿ ಸಾಧಾರಣಧರ್ಮವು ಆಕಾರವೊಂದೇ ಅಲ್ಲ, ಚಲನೆಯೂ ಅಹುದು. ಸ್ನಾಯುಗಳ ಹೆಸರನ್ನು ಕಲಿಯದ ಶಿಷ್ಯನಿಗೂ ಇದರಿಂದ ತೋಳಿನ ಗತಿಯು ತಿಳಿಯುತ್ತದೆ. ಆದಕಾರಣ ಇದು ಜ್ಞಾನವೇ.

ಆದರೂ ಎಲ್ಲ ಉಪಮಾನಗಳೂ ಸಮಾನಬಲವುಳ್ಳವಲ್ಲ. ತೊಡೆಯನ್ನು ಬಾಳೆಯ ಕಂಬಕ್ಕೆ ಹೋಲಿಸುವ ಕವಿಗೆ ಅದರ ನುಣುಪೂ ತಂಪೂ ಇಷ್ಟವಾಗಿರುತ್ತವೆ. ಇವು ಸ್ಪರ್ಶದಿಂದ ವೇದ್ಯವಾದುವು, ಗೆರೆಗೆ ದೊರಕತಕ್ಕವಲ್ಲ. ಅಂಗದ ಪಕ್ಕದಲ್ಲಿ ಬಾಳೆಯನ್ನು ಬರೆದು ತೋರಿಸಿದಾಗ ಉಳಿಯುವುದು ಆಕಾರಸಾಮ್ಯವೊಂದೇ. ಅದನ್ನೇ ಅಚ್ಚೆಂದು ಹಿಡಿದವನ ಚಿತ್ರದಲ್ಲಿ ಬಾಳೆಯು ಕಾಣುವುದು, ಮನುಷ್ಯನು ಕಾಣನು.

ಈ ಅಪಾಯವನ್ನು ಗ್ರಂಥಕಾರರು ಅರಿಯದವರಲ್ಲ. ಲಕ್ಷಣನಿಯಮವು ಪೂಜಾಮೂರ್ತಿಗೆ ಮಾತ್ರ ಕಟ್ಟು, ಉಳಿದೆಡೆಯಲ್ಲಿ ಕಲಾವಿದನು ಸ್ವತಂತ್ರನೆಂದು ಅವರೇ ಹೇಳಿದ್ದಾರೆ. ಗ್ರಂಥಕ್ಕೆ ಹನ್ನೆರಡು ವರ್ಷ ಮೊದಲು, 1902ರಲ್ಲಿ, ಅವರು ಬರೆದ ಷಾಜಹಾನನ ಅಂತ್ಯಕಾಲದ ಚಿತ್ರವೇ ಇದಕ್ಕೆ ನಿದರ್ಶನ. ಮರಣಶಯ್ಯೆಯ ಮುದುಕನು ದೂರದ ತಾಜಮಹಲಿನ ಕಡೆಗೆ ತಲೆಯನ್ನು ತಿರುಗಿಸಿದ್ದಾನೆ. ಮಗಳು ಜಹಾನಾರಾ ಕಾಲ ಬಳಿಯಲ್ಲಿ ಕುಳಿತಿದ್ದಾಳೆ. ಅಲ್ಲಿ ಕರುಣವು ಹುಟ್ಟುವುದು ಅಂಗಗಳ ಚೆಲುವಿನಿಂದಲ್ಲ, ತಿರುಗಿದ ಆ ತಲೆಯೊಂದರಿಂದ.

ಉಪಮಾನವು ಕಣ್ಣಿಗೆ ನೋಡುವುದನ್ನು ಕಲಿಸುವ ತನಕ ಗುರುವು. ನೋಡುವ ಶ್ರಮವನ್ನು ತಪ್ಪಿಸತೊಡಗಿದೊಡನೆ ರೂಢಿಮಾತ್ರವು. ಗ್ರಂಥವನ್ನು ಓದುವ ಚಿತ್ರಾಭ್ಯಾಸಿಯು ಕವಿಯ ಮಾತನ್ನು ಕೈಯಲ್ಲಿ ಹಿಡಿದು ಜೀವಂತ ಮನುಷ್ಯನ ಎದುರಿಗೆ ಕುಳಿತುಕೊಳ್ಳುವುದೇ ಯುಕ್ತವು.