ಗ್ಯಾರೇಜಿಗಿಂತ ಮೊದಲು ವೇಬ್ರಿಡ್ಜ್

ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್ ಪಿಕಪ್ ಖಾಲಿ ನಿಂತಾಗ ಅದರ ಹಿಂಭಾಗ ತುಸು ಎತ್ತಿಕೊಂಡೇ ಇರುತ್ತದೆ. ಅದು ದೋಷವಲ್ಲ. ಹೊರೆ ಬಿದ್ದ ಮೇಲೆ ಗಾಡಿ ಸಮಕ್ಕೆ ಬರಲಿ ಎಂದೇ ಹಿಂದಿನ ಲೀಫ್ ಸ್ಪ್ರಿಂಗುಗಳನ್ನು ಹಾಗೆ ಬಾಗಿಸಿರುತ್ತಾರೆ. ಅದೇ ಕಂಪನಿಯ ಫಾರ್ಚೂನರ್‌ಗೆ ಹಿಂದೆಯೂ ಕಾಯಿಲ್ ಸ್ಪ್ರಿಂಗ್ ಇದೆ. ಅದರಿಂದ ಇಳಿದು ಹೈಲಕ್ಸ್ ಹತ್ತಿದವರಿಗೆ ಮೊದಲ ರಸ್ತೆ ಉಬ್ಬಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. 2022ರಲ್ಲಿ ಭಾರತಕ್ಕೆ ಬಂದ ಹೈಲಕ್ಸ್‌ನ ಕಥೆಯೂ ಇದೇ, ಅದಕ್ಕೂ ಮೊದಲೇ ಬಂದಿದ್ದ ಇಸುಜು ವಿ-ಕ್ರಾಸ್‌ನ ಕಥೆಯೂ ಇದೇ. ಮೊದಲ ತಿಂಗಳು ಮಾಲೀಕರ ದೂರು, ‘ಹಿಂದೆ ಎತ್ತಿ ಹಾಕುತ್ತೆ.’ ಎರಡನೇ ತಿಂಗಳು ಗ್ಯಾರೇಜಿನಲ್ಲಿ ಬೇಡಿಕೆ, ‘ಎರಡು ಇಂಚು ಲಿಫ್ಟ್ ಮಾಡಿ.’

ದೂರಿಗೂ ಬೇಡಿಕೆಗೂ ಸಂಬಂಧವೇ ಇಲ್ಲ. ಎತ್ತರ ಮಾಡಿದರೆ ಗಾಡಿ ಮೆತ್ತಗಾಗುವುದಿಲ್ಲ. ಆದರೂ ಈ ವ್ಯಾಪಾರ ನಡೆಯುವುದು ಎತ್ತರದ ಲೆಕ್ಕದಲ್ಲೇ, ಏಕೆಂದರೆ ಫೋಟೊದಲ್ಲಿ ಕಾಣುವುದು ಅದೊಂದೇ.

ಸ್ಪ್ರಿಂಗ್ ಆರಿಸಬೇಕಾದದ್ದು ತೂಕ ನೋಡಿ. ಮರಳು, ಜಲ್ಲಿ ಲಾರಿಗಳು ಸಾಲುಗಟ್ಟುವ ಯಾವ ವೇಬ್ರಿಡ್ಜ್ ಆದರೂ ಸರಿ. ಮೊದಲು ಮುಂದಿನ ಗಾಲಿಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಳ್ಳಬೇಕು, ಆಮೇಲೆ ಇಡೀ ಗಾಡಿಯದ್ದು. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸೆಲ್ ಹೊರುತ್ತಿರುವ ಭಾರ. 80 ಲೀಟರಿನ ಟ್ಯಾಂಕ್ ತುಂಬಿದರೆ ಡೀಸೆಲ್ಲೇ 65 ಕಿಲೊ ದಾಟುತ್ತದೆ. ಉಕ್ಕಿನ ಹಗ್ಗದ ವಿಂಚ್ ಮುಂದೆ ಕೂತರೆ ಸುಮಾರು 40 ಕಿಲೊ. ಮೇಲೊಂದು ಟೆಂಟು, ಹಿಂದೆ ನೀರಿನ ಕ್ಯಾನು, ಸಾಮಾನಿನ ಪೆಟ್ಟಿಗೆ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಈಮು ತರಹದ ಹೆಸರಾಂತ ತಯಾರಕರು ಒಂದೇ ಗಾಡಿಗೆ ಹಲವು ಸ್ಪ್ರಿಂಗುಗಳನ್ನು ಮಾರುವುದೇ ಈ ಕಾರಣಕ್ಕೆ: ಖಾಲಿ ಓಡುವುದಕ್ಕೆ ಒಂದು, ಮಧ್ಯಮ ಹೊರೆಗೆ ಒಂದು, ಸದಾ ಭಾರ ಹೊರುವುದಕ್ಕೆ ಇನ್ನೊಂದು. ವರ್ಷಕ್ಕೊಮ್ಮೆ ಸ್ಪಿತಿಗೆ ಹೋಗುವ ಕನಸಿಗೆ 300 ಕಿಲೊ ಹೊರೆಯ ಸ್ಪ್ರಿಂಗ್ ಹಾಕಿಸಿ, ಉಳಿದ ಹನ್ನೊಂದು ತಿಂಗಳು ಖಾಲಿ ಗಾಡಿಯಲ್ಲಿ ಬೆನ್ನುಮೂಳೆ ಕುಟ್ಟಿಸಿಕೊಳ್ಳುವವರಿಗೆ ಕೊರತೆಯಿಲ್ಲ. ಮಾಮೂಲಿ ದಿನ ಗಾಡಿಯಲ್ಲಿ ಏನಿರುತ್ತದೋ ಅದಕ್ಕೆ ತಕ್ಕ ಸ್ಪ್ರಿಂಗ್ ಸಾಕು.

ದುಡ್ಡು ಉಳಿಸಲು ಇನ್ನೊಂದು ದಾರಿಯೂ ಇದೆ, ಅದು ಬೇಡವೇ ಬೇಡ. ಲಾರಿ ಸ್ಪ್ರಿಂಗ್ ರಿಪೇರಿ ಅಂಗಡಿಯಲ್ಲಿ ಹಳೆಯ ಪಟ್ಟಿಗಳನ್ನು ಕಾಯಿಸಿ ಬಡಿದು ಬಾಗು ಹೆಚ್ಚಿಸಿಕೊಡುತ್ತಾರೆ. ಕಾಯಿಸಿದ ಉಕ್ಕಿಗೆ ಮತ್ತೆ ಸರಿಯಾಗಿ ಹದ ಕೊಡದಿದ್ದರೆ ಅದು ಬೇಗ ಕುಸಿಯುತ್ತದೆ, ಇಲ್ಲವೇ ತುಂಡಾಗುತ್ತದೆ.

ಮುಂಭಾಗದ ಲೆಕ್ಕ ಬೇರೆ. ಅಲ್ಲಿ ಎರಡು ವಿಷ್‌ಬೋನ್‌ಗಳ, ಅಂದರೆ ಕಂಟ್ರೋಲ್ ಆರ್ಮ್‌ಗಳ, ನಡುವೆ ಕಾಯಿಲ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗೆ ಕೂತಿರುತ್ತವೆ. ಅಗ್ಗದ ಉಪಾಯವೆಂದರೆ ಕಾಯಿಲ್‌ನ ಮೇಲೊಂದು ಸ್ಪೇಸರ್ ಇಡುವುದು. ಗಾಡಿ ಎತ್ತರವಾಗುತ್ತದೆ, ನಿಜ. ಆದರೆ ಶಾಕ್‌ನ ಉದ್ದ ಬದಲಾಗಿಲ್ಲ, ಸ್ಪ್ರಿಂಗ್‌ನ ಬಿಗುವೂ ಬದಲಾಗಿಲ್ಲ. ಗಾಲಿ ಗುಂಡಿಗೆ ಇಳಿಯುವಾಗ ಕೆಳಗೆ ಸಿಗಬೇಕಾದ ಜಾಗ ಮಾತ್ರ ಕಡಿಮೆಯಾಗಿದೆ. ಗಾಲಿ ಜೋತುಬಿದ್ದಾಗ ‘ಟಕ್’ ಎನ್ನುವ ಸದ್ದು ಕೇಳಿದರೆ ಅದು ಇದೇ. ಸುಮಾರು 50 ಮಿಲಿಮೀಟರ್ ದಾಟಿದರೆ ಆಕ್ಸೆಲ್‌ನ ಸಿವಿ ಜಾಯಿಂಟ್ ಕಡಿದಾದ ಕೋನದಲ್ಲಿ ತಿರುಗಬೇಕಾಗುತ್ತದೆ, ಅದರ ರಬ್ಬರ್ ಬೂಟ್ ಬೇಗ ಹರಿಯುತ್ತದೆ. ಕ್ಯಾಸ್ಟರ್ ಕೋನವೂ ಕಡಿಮೆಯಾಗಿ ಹೆದ್ದಾರಿಯಲ್ಲಿ ಸ್ಟಿಯರಿಂಗ್ ಅಲೆಯತೊಡಗುತ್ತದೆ; ಅದನ್ನು ಸರಿಮಾಡಲು ಬಹಳ ಸಲ ಮೇಲಿನ ಕಂಟ್ರೋಲ್ ಆರ್ಮನ್ನೇ ಬದಲಿಸಬೇಕು. ಎರಡು ಇಂಚಿನ ಬೆಲೆ ಎಂದು ಅಂಗಡಿಯವರು ಹೇಳುವ ಮೊತ್ತದಲ್ಲಿ ಇದು ಸೇರಿರುವುದಿಲ್ಲ.

ಇನ್ನು ಶಾಕ್. ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತವನ್ನು ಶಾಖವಾಗಿಸಿ ಅಡಗಿಸುವುದಷ್ಟೇ ಶಾಕ್‌ನ ಕೆಲಸ. ಒಂದರೊಳಗೊಂದು ಎರಡು ಕೊಳವೆಗಳಿರುವ ಟ್ವಿನ್ ಟ್ಯೂಬ್‌ನಲ್ಲಿ ಗ್ಯಾಸಿನ ಒತ್ತಡ ಕಡಿಮೆ. ಮಾನೊಟ್ಯೂಬ್‌ನಲ್ಲಿ ಒಂದೇ ಕೊಳವೆ; ಎಣ್ಣೆ ನೊರೆಗಟ್ಟದಂತೆ ಬೇರೊಂದು ಪಿಸ್ಟನ್ನಿನ ಆಚೆ ನೈಟ್ರೋಜನ್ ತುಂಬಿರುತ್ತಾರೆ. ಜರ್ಮನಿಯ ಬಿಲ್‌ಸ್ಟೈನ್ ಹೆಸರು ಮಾಡಿದ್ದೇ ಇದರಿಂದ. ಅದರೊಳಗಿನ ಒತ್ತಡ ಸುಮಾರು 360 ಪಿಎಸ್‌ಐ, ಟೈರಿನ ಗಾಳಿಯ ಹತ್ತು ಪಟ್ಟಿಗೂ ಹೆಚ್ಚು. ಹಳೆಯದಾಯಿತೆಂದು ಕೊರೆದು ನೋಡುವ, ಗ್ಯಾಸ್ ಕಟ್ಟರ್ ಹಿಡಿಯುವ ಸಾಹಸ ಬೇಡ.

ಯಾವುದು ಮೇಲು ಎಂಬ ವಾದ ಗ್ಯಾರೇಜುಗಳಲ್ಲಿ ಮುಗಿಯುವುದಿಲ್ಲ. ಯಾವ ದಾರಿಗೆ ಎಂದು ಕೇಳಿದರೆ ಬೇಗ ಮುಗಿಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಗಿಬ್ ರಿವರ್ ರೋಡ್ ಸುಮಾರು 660 ಕಿಲೊಮೀಟರ್ ಉದ್ದ. ಅದರ ಬಹುಪಾಲು ಅಲೆಅಲೆಯಾಗಿ ಗಟ್ಟಿಗೊಂಡ ಮಣ್ಣಿನ ದಾರಿ. ಅದರ ಮೇಲೆ ಗಂಟೆಗೆ 70–80 ಕಿಲೊಮೀಟರ್ ವೇಗದಲ್ಲಿ ದಿನವಿಡೀ ಓಡಿದರೆ ಎಣ್ಣೆ ಕಾದು ತೆಳ್ಳಗಾಗುತ್ತದೆ, ಶಾಕ್ ಸೋಲುತ್ತದೆ. ಮಾನೊಟ್ಯೂಬ್, ಅದಕ್ಕೆ ಅಂಟಿಕೊಂಡ ಹೆಚ್ಚುವರಿ ಎಣ್ಣೆಯ ಬುಡ್ಡಿ, ಎಲ್ಲವೂ ಹುಟ್ಟಿದ್ದು ಅಂಥ ಬಿಸಿಯನ್ನು ತಾಳಲು. ಸಕಲೇಶಪುರದ ತೋಟದ ದಾರಿಯಲ್ಲಿ ಗಾಡಿ ಓಡುವುದು ಮೊದಲ, ಎರಡನೇ ಗೇರಿನಲ್ಲಿ. ಅಲ್ಲಿ ಶಾಕ್ ಅಷ್ಟಾಗಿ ಕಾಯುವುದಿಲ್ಲ. ಅಲ್ಲಿಯ ಶತ್ರು ಕೆಸರು, ಮತ್ತು ಕಲ್ಲು. ಮಾನೊಟ್ಯೂಬ್‌ನ ಕೊಳವೆಗೆ ಕಲ್ಲು ಬಡಿದು ತಗ್ಗು ಬಿದ್ದರೆ ಒಳಗಿನ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬ್‌ನ ಹೊರಗೋಡೆ ಪೆಟ್ಟು ತಿಂದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ. ಮಲೆನಾಡಿಗೆ ಟ್ವಿನ್ ಟ್ಯೂಬೇ ಸರಿ, ಬೆಲೆಯೂ ಕಡಿಮೆ. ಮಂಡಲ್‌ಪಟ್ಟಿಗೆ ಪ್ರವಾಸಿಗರನ್ನು ತುಂಬಿಕೊಂಡು ದಿನಕ್ಕೆ ಹಲವು ಸಲ ಹತ್ತಿಳಿಯುವ ಬಾಡಿಗೆ ಜೀಪುಗಳ ಅಡಿಗೆ ಬಗ್ಗಿ ನೋಡಿದವರು ವಿದೇಶಿ ಕಿಟ್‌ಗಳಿಗೆ ಚೆಕ್ ಬರೆಯುವ ಮುನ್ನ ಸ್ವಲ್ಪ ಯೋಚಿಸುತ್ತಾರೆ.

ಹಾಕಿಸುವ ದಿನ ಮಾಲೀಕರು ಪಕ್ಕದಲ್ಲೇ ನಿಲ್ಲಬೇಕಾದ ಘಟ್ಟ ಒಂದಿದೆ. ಕಂಟ್ರೋಲ್ ಆರ್ಮ್‌ನ ಬೋಲ್ಟುಗಳನ್ನು ಗಾಡಿ ಲಿಫ್ಟಿನ ಮೇಲೆ ತೂಗುತ್ತಿರುವಾಗಲೇ ಪೂರ್ತಿ ಬಿಗಿದರೆ, ಬುಷ್‌ನ ರಬ್ಬರ್ ಆ ಜೋತುಬಿದ್ದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ನೆಲಕ್ಕಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಗಾಲಿಗಳ ಮೇಲೆ ಪೂರ್ತಿ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ. ಹೊಸ ಕಿಟ್‌ಗಳ ಎಷ್ಟೋ ಕಿರ್ರೆನ್ನುವ ಸದ್ದಿಗೆ ಕಾರಣ ಈ ಆತುರ, ಬ್ರ್ಯಾಂಡ್ ಅಲ್ಲ. ಪಾಲಿಯುರೆಥೇನ್ ಬುಷ್ ಆದರೆ ತಯಾರಕರು ಹೇಳಿದ ಗ್ರೀಸ್ ಆಗಾಗ ಬೇಕು. ರಬ್ಬರ್ ಬುಷ್‌ಗೆ ಮಾಮೂಲಿ ಗ್ರೀಸ್ ಹೊಡೆದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಲೀಫ್ ಸ್ಪ್ರಿಂಗ್ ಕಟ್ಟುವ ಯು-ಬೋಲ್ಟ್‌ಗಳು ಒಮ್ಮೆ ಬಿಗಿದಾಗ ಎಳೆದುಕೊಂಡಿರುತ್ತವೆ, ಅವನ್ನೇ ಮತ್ತೆ ಬಳಸಬಾರದು. ಹೊಸದು ಹಾಕಿ 500ರಿಂದ 1000 ಕಿಲೊಮೀಟರ್ ಒಳಗೆ ಟಾರ್ಕ್ ರೆಂಚ್ ಹಿಡಿದು ಮತ್ತೊಮ್ಮೆ ಬಿಗಿಸಬೇಕು. ಪಟ್ಟಿಗಳು ಒಂದರ ಮೇಲೊಂದು ಕೂರುತ್ತಿದ್ದಂತೆ ಬೋಲ್ಟ್‌ಗಳು ಸಡಿಲವಾಗಿಯೇ ತೀರುತ್ತವೆ. ಕೆಸರಿನಿಂದ ಬಂದ ಮೇಲೆ ತೊಳೆಯುವುದು ಸರಿ, ಆದರೆ ವಾಟರ್ ಸರ್ವಿಸ್‌ನ ಜೋರು ಧಾರೆಯನ್ನು ಶಾಕ್‌ನ ಸೀಲಿಗೆ ನೇರ ಹಿಡಿಯಬಾರದು. ಒಣಗಿದ ಕೆಸರು ಆ ಹೊಳಪಿನ ರಾಡಿಗೆ ಅಂಟಿದ್ದರೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕಾರವಾರ, ಮಂಗಳೂರಿನ ಉಪ್ಪುಗಾಳಿಯಲ್ಲಿ ಇರುವವರಿಗೆ ಈ ಕೆಲಸ ಇನ್ನಷ್ಟು ಬೇಗ ಬೇಗ.

ಸತ್ತ ಶಾಕ್ ಯಾವುದೆಂದು ತಿಳಿಯಲು ಉಪಕರಣ ಬೇಕಿಲ್ಲ. ಅರ್ಧ ಗಂಟೆ ಕೆಟ್ಟ ರಸ್ತೆಯಲ್ಲಿ ಓಡಿಸಿ ನಿಲ್ಲಿಸಿ, ನಾಲ್ಕನ್ನೂ ಕೈಯಿಂದ ಹುಷಾರಾಗಿ ಮುಟ್ಟಿ ನೋಡಿ. ಮೂರು ಬಿಸಿಯಾಗಿದ್ದು ಒಂದು ತಣ್ಣಗಿದ್ದರೆ, ಕೆಲಸ ಮಾಡದೆ ಕೂತಿರುವುದು ಆ ತಣ್ಣಗಿನದೇ.

ಕಾನೂನಿನ ಮಾತೂ ಇದೆ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕಂಪನಿಯ ಅಳತೆಗೇ ಹೊಂದುವ ಶಾಕ್, ಬುಷ್ ಬದಲಿಸುವುದು ಒಂದು, ಗಾಡಿಯನ್ನು ಅರ್ಧ ಅಡಿ ಎತ್ತುವುದು ಇನ್ನೊಂದು. ವಿಮೆಯವರು ಈ ಎರಡನ್ನೂ ಒಂದೇ ಕಣ್ಣಲ್ಲಿ ನೋಡುವುದಿಲ್ಲ.

ವಾರಾಂತ್ಯಕ್ಕೊಮ್ಮೆ ತೋಟದ ದಾರಿ, ಉಳಿದ ದಿನ ಪೇಟೆ ಎನ್ನುವವರು ಕಂಪನಿಯ ಸ್ಪ್ರಿಂಗ್ ಮುಟ್ಟಬೇಕಿಲ್ಲ. ನಾಲ್ಕು ಒಳ್ಳೆಯ ಟ್ವಿನ್ ಟ್ಯೂಬ್ ಶಾಕ್, ಸರಿಯಾದ ಟೈರ್ ಸಾಕು. ಅದಕ್ಕೂ ಮೀರಿ ಕಿಟ್ ಬೇಕೇ ಬೇಕೆಂದರೆ, ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಬುಷ್ ಬಿಡಿಯಾಗಿ ಸಿಗುತ್ತದೆಯೇ ಎಂದು. ಸಿಗದಿದ್ದರೆ ಬೇರೆ ಬ್ರ್ಯಾಂಡ್ ನೋಡಿ.